ಮಡಿಕೇರಿಯ ಪಿನ್ ಕೋಡ್ ಅವಿಭಾಜ್ಯ ಸಂಖ್ಯೆ: ನೀವೇ ಪರೀಕ್ಷಿಸಿ ನೋಡುವ ಬಗೆ

ಮಡಿಕೇರಿಯ ಪಿನ್ ಕೋಡ್ 571201. ಇದೊಂದು ಅವಿಭಾಜ್ಯ ಸಂಖ್ಯೆ. 1 ಮತ್ತು 571201 ಬಿಟ್ಟರೆ ಬೇರೆ ಯಾವ ಸಂಖ್ಯೆಯಿಂದಲೂ ಇದು ಶೇಷವಿಲ್ಲದೆ ಭಾಗವಾಗುವುದಿಲ್ಲ. ಈ ಮಾತನ್ನು ಸುಮ್ನೆ ನಂಬಬೇಡಿ. ಒಂದು ಪೆನ್ನು, ಒಂದು ಹಾಳೆ, ಫೋನಿನಲ್ಲಿರುವ ಕ್ಯಾಲ್ಕುಲೇಟರ್ ಇದ್ದರೆ ಸಾಕು, ನೀವೇ ನೋಡಿಬಿಡಬಹುದು. ಕಕ್ಕಡ ತಿಂಗಳ ಮಳೆಗೆ ಶಾಲೆಗೆ ರಜೆ ಕೊಟ್ಟು, ಕರೆಂಟೂ ಹೋದ ದಿನಕ್ಕೆ ಹೇಳಿ ಮಾಡಿಸಿದ ಕೆಲಸ ಇದು.

ಆರು ಅಂಕಿಯ ಸಂಖ್ಯೆ ಗಣಿತದವರ ಲೆಕ್ಕದಲ್ಲಿ ದೊಡ್ಡದೇನಲ್ಲ. ಆದರೆ ಕೋಟಿಗಟ್ಟಲೆ ಅಂಕಿಯ ಅವಿಭಾಜ್ಯ ಸಂಖ್ಯೆಗಳ ಮೇಲೆ ನಡೆಯುವ ಪರೀಕ್ಷೆಗಳೂ ಇವೇ ಉಪಾಯಗಳಿಂದ ಹುಟ್ಟಿದವು. ಸಣ್ಣದರಲ್ಲಿ ಕೈ ಪಳಗಿದರೆ ದೊಡ್ಡದು ಹೆದರಿಸುವುದಿಲ್ಲ.

ಹೆಜ್ಜೆ 1: ಎಲ್ಲಿಯವರೆಗೆ ಭಾಗಿಸಬೇಕು?

ಮೊದಲು ವರ್ಗಮೂಲ ತೆಗೆಯಿರಿ. 571201ರ ವರ್ಗಮೂಲ ಸುಮಾರು 755.8. ಈ ಸಂಖ್ಯೆ ಎರಡು ಸಂಖ್ಯೆಗಳ ಗುಣಲಬ್ಧ ಆಗಿದ್ದರೆ ಎರಡೂ 755ಕ್ಕಿಂತ ದೊಡ್ಡದಾಗಿರಲು ಸಾಧ್ಯವಿಲ್ಲ. ಹಾಗಾಗಿ 755ರವರೆಗೆ ನೋಡಿದರೆ ಆಯಿತು. ಅದರಲ್ಲೂ ಅವಿಭಾಜ್ಯ ಸಂಖ್ಯೆಗಳಿಂದ ಮಾತ್ರ ಭಾಗಿಸಿದರೆ ಸಾಕು. 2ರಿಂದ ಆಗದ್ದು 4ರಿಂದಲೂ ಆಗುವುದಿಲ್ಲ, ಅಲ್ವಾ? 755ರೊಳಗೆ ಇರುವ ಅವಿಭಾಜ್ಯ ಸಂಖ್ಯೆಗಳು 133. ಕೊನೆಯದು 751.

ಹೆಜ್ಜೆ 2: ಕೊಡಗಿಗೇ ಸಿಕ್ಕಿರುವ ಅಡ್ಡದಾರಿ

ಕೊಡಗಿನ ಹೆಚ್ಚಿನ ಪಿನ್ ಕೋಡ್‌ಗಳು 5712 ಎಂದು ಶುರುವಾಗುತ್ತವೆ. ಬದಲಾಗುವುದು ಕೊನೆಯ ಎರಡು ಅಂಕಿ ಮಾತ್ರ. ಈಗ 571200 ಅನ್ನು ಒಡೆದು ನೋಡಿ:

571200 = 2 × 2 × 2 × 2 × 2 × 2 × 3 × 5 × 5 × 7 × 17

ಅಂದರೆ 571200 ಎನ್ನುವುದು 2, 3, 5, 7, 17 ಎಲ್ಲದರಿಂದಲೂ ಪೂರ್ತಿ ಭಾಗವಾಗುತ್ತದೆ. ಹಾಗಾಗಿ ಈ ಐದು ಸಂಖ್ಯೆಗಳ ಮಟ್ಟಿಗೆ ಕೊನೆಯ ಎರಡು ಅಂಕಿ ನೋಡಿದರೆ ಸಾಕು. ಕುಶಾಲನಗರದ 571234 ತೆಗೆದುಕೊಳ್ಳಿ. ಕೊನೆಯಲ್ಲಿ 34 ಇದೆ. 34 ಅಂದರೆ 2 × 17. ಹಾಗಾದರೆ ಇಡೀ ಪಿನ್ ಕೋಡ್ ಕೂಡ 34ರಿಂದ ಭಾಗವಾಗಲೇಬೇಕು: 34 × 16801. ಶನಿವಾರಸಂತೆಯ 571235ರಲ್ಲಿ ಕೊನೆಗೆ 35, ಹಾಗಾಗಿ 5 ಮತ್ತು 7 ಎರಡೂ ಸಿಗುತ್ತವೆ: 35 × 16321. ವಿರಾಜಪೇಟೆಯ 571218, ಸೋಮವಾರಪೇಟೆಯ 571236 ಇವೆರಡೂ ಸಮ ಸಂಖ್ಯೆಗಳು, ಅವನ್ನು ಪರೀಕ್ಷಿಸುವ ಮಾತೇ ಇಲ್ಲ.

ಮಡಿಕೇರಿಯದ್ದು 571200ರ ಮೇಲೆ 1. ಈ ಐದೂ ಸಂಖ್ಯೆಗಳಿಂದ ಭಾಗಿಸಿದರೂ ಶೇಷ 1 ಉಳಿಯುತ್ತದೆ. ಕ್ಯಾಲ್ಕುಲೇಟರ್ ಮುಟ್ಟದೆಯೇ ಐದು ಭಾಗಾಕಾರ ಮುಗಿಯಿತು. ಈ 571200 ಅನ್ನು ನೆನಪಿಟ್ಟುಕೊಳ್ಳಿ. ಮುಂದೆ ಇದರಿಂದ ಇನ್ನೂ ದೊಡ್ಡ ಕೆಲಸ ಇದೆ.

ಹೆಜ್ಜೆ 3: ಉಳಿದ 128 ಭಾಗಾಕಾರ

ಇದು ಬರೀ ದುಡಿಮೆ. ಶೇಷ ಕಂಡುಹಿಡಿಯುವುದು ಹೀಗೆ: 571201 ÷ 89 ಒತ್ತಿದರೆ 6417.988… ಬರುತ್ತದೆ. ದಶಮಾಂಶ ಬಿಟ್ಟು 6417 × 89 ಮಾಡಿ, 571113. ಇದನ್ನು 571201ರಿಂದ ಕಳೆದರೆ 88. ಶೇಷ 88 ಅಂದರೆ ಇನ್ನು ಒಂದೇ ಒಂದು ಜಾಸ್ತಿ ಇದ್ದಿದ್ದರೆ ಭಾಗವಾಗಿಬಿಡುತ್ತಿತ್ತು! ಲೆಕ್ಕ ಸರಿಯಾಗುತ್ತಿದೆಯೇ ಎಂದು ನೋಡಿಕೊಳ್ಳಲು ಇನ್ನು ಕೆಲವು ಶೇಷಗಳು: 11ರಿಂದ 4, 13ರಿಂದ 7, 19ರಿಂದ 4, 23ರಿಂದ 19, 571ರಿಂದ 201, ಕೊನೆಯ 751ರಿಂದ 441.

ಒಂದೊಂದಕ್ಕೆ ಹತ್ತು ಸೆಕೆಂಡ್ ಹಿಡಿದರೂ ಇಪ್ಪತ್ತು ನಿಮಿಷ ಚಿಲ್ಲರೆಯಲ್ಲಿ ಮುಗಿಯುತ್ತದೆ. ಎಲ್ಲೂ ಶೇಷ ಸೊನ್ನೆ ಬರುವುದಿಲ್ಲ. ಇಷ್ಟಾದರೆ ಸಾಬೀತಾದ ಹಾಗೆಯೇ.

ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಒಬ್ಬರಿಗೆ ಮಡಿಕೇರಿ ಕೊಡಿ, ಇನ್ನೊಬ್ಬರಿಗೆ ಗೋಣಿಕೊಪ್ಪಲಿನ 571213 ಕೊಡಿ. ಗೋಣಿಕೊಪ್ಪದವರು ಬೇಗ ಗೆಲ್ಲುತ್ತಾರೆ, ಅದು 29 × 19697. ಸುಂಟಿಕೊಪ್ಪದ 571237 ಕೂಡ ಜಾಸ್ತಿ ಸತಾಯಿಸುವುದಿಲ್ಲ: 31 × 18427. ಕಷ್ಟ ಕೊಡುವುದು ಭಾಗಮಂಡಲ.

ಹೆಜ್ಜೆ 4: ಭಾಗಮಂಡಲದ ಗಂಟು ಬಿಚ್ಚುವುದು

ಭಾಗಮಂಡಲದ ಪಿನ್ ಕೋಡ್ 571247. ಹೆಜ್ಜೆ 3ರಂತೆ ಭಾಗಿಸುತ್ತಾ ಹೋದರೆ 2, 3, 5 ಎಂದು ಶುರುಮಾಡಿ 130 ಅವಿಭಾಜ್ಯ ಸಂಖ್ಯೆಗಳು ಕೈಕೊಡುತ್ತವೆ. ಹೆಚ್ಚಿನವರು ಅಷ್ಟರೊಳಗೆ ಇದು ಅವಿಭಾಜ್ಯವೇ ಇರಬೇಕು ಎಂದು ಕೈಚೆಲ್ಲುತ್ತಾರೆ. 131ನೆಯದು 739. ಅಲ್ಲಿ ಶೇಷ ಸೊನ್ನೆ.

571247 = 739 × 773

ಇದನ್ನೇ ಒಂದೇ ಸಲಕ್ಕೆ ಹಿಡಿಯುವ ದಾರಿ ಇದೆ. ಫ್ರಾನ್ಸಿನ ಪಿಯರ್ ದ ಫರ್ಮಾ ಹದಿನೇಳನೇ ಶತಮಾನದಲ್ಲಿ ಕಂಡುಕೊಂಡದ್ದು. ವಕೀಲಿಕೆ ಅವರ ಉದ್ಯೋಗ, ಗಣಿತ ಬಿಡುವಿನ ಕೆಲಸ. ಉಪಾಯ ಇಷ್ಟೇ: ವರ್ಗಮೂಲದಿಂದ ಮೇಲಕ್ಕೆ ಹೋಗಿ. ಸಿಗುವ ಪ್ರತಿ ಸಂಖ್ಯೆಯ ವರ್ಗದಿಂದ ನಮ್ಮ ಸಂಖ್ಯೆಯನ್ನು ಕಳೆಯಿರಿ. ಉಳಿದದ್ದೂ ಒಂದು ವರ್ಗವಾಗಿದ್ದರೆ ಸಂಖ್ಯೆ ಒಡೆಯಿತು.

571247ರ ವರ್ಗಮೂಲ 755.8. ಮುಂದಿನ ಪೂರ್ಣ ಸಂಖ್ಯೆ 756.
756 × 756 = 571536
571536 − 571247 = 289
289 = 17 × 17

ಮೊದಲ ಪ್ರಯತ್ನಕ್ಕೇ ಸಿಕ್ಕಿತು. ಎರಡು ವರ್ಗಗಳ ವ್ಯತ್ಯಾಸದ ಸೂತ್ರ ಎಂಟನೇ ತರಗತಿಯವರಿಗೂ ಗೊತ್ತು: (756 − 17) × (756 + 17), ಅಂದರೆ 739 × 773. ಶಾಲೆಯಲ್ಲಿ ಆ ಸೂತ್ರ ಬಾಯಿಪಾಠ ಮಾಡಿಸುವಾಗ ಈ ಉದಾಹರಣೆ ಕೊಟ್ಟರೆ ಎಷ್ಟು ಚೆನ್ನಾಗಿರುತ್ತದೆ ಎಂದು ನನಗೆ ಅನಿಸುತ್ತದೆ.

ಇಷ್ಟು ಸುಲಭವಾಗಿ ಸಿಗಲು ಕಾರಣ 739 ಮತ್ತು 773 ಪಕ್ಕಪಕ್ಕದಲ್ಲೇ ಇರುವುದು. ಎರಡೂ ವರ್ಗಮೂಲದ ಹತ್ತಿರ ಇವೆ. ಇದು ಬರೀ ಆಟದ ಮಾತಲ್ಲ. 1977ರಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ರೂಪಿಸಿದ ಆರ್‌ಎಸ್‌ಎ ಗುಪ್ತಲಿಪಿಯಲ್ಲಿ ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿ ಕೀಲಿ ಮಾಡುತ್ತಾರೆ. ಇಂದು ಸಾಮಾನ್ಯವಾಗಿ ಬಳಸುವ ಕೀಲಿಯಲ್ಲಿ 617 ಅಂಕಿ ಇರುತ್ತವೆ. ಅದನ್ನು ಒಡೆಯುವುದು ಈಗಿನ ಕಂಪ್ಯೂಟರುಗಳಿಗೆ ಆಗದ ಕೆಲಸ. ಆದರೆ ಆ ಎರಡು ಸಂಖ್ಯೆಗಳನ್ನು ಹತ್ತಿರಹತ್ತಿರ ಆರಿಸಿಬಿಟ್ಟರೆ, ಭಾಗಮಂಡಲದ ಹಾಗೆ, ಕ್ಷಣದಲ್ಲಿ ಒಡೆಯುತ್ತದೆ. 2022ರಲ್ಲಿ ಕೆಲವು ಪ್ರಿಂಟರುಗಳು ತಯಾರಿಸಿದ್ದ ಕೀಲಿಗಳು ಇದೇ ಹಳೆಯ ಫರ್ಮಾ ಉಪಾಯಕ್ಕೆ ಬಿದ್ದವು.

ಈಗ ಇದನ್ನೇ ಮಡಿಕೇರಿಯ ಮೇಲೆ ಮಾಡಿ. 756ರ ವರ್ಗದಿಂದ ಕಳೆದರೆ 335, ವರ್ಗ ಅಲ್ಲ. 760ಕ್ಕೆ ಬಂದಾಗ 6399. ಅಯ್ಯೋ, 80ರ ವರ್ಗ 6400! 761ಕ್ಕೆ 7920. 89ರ ವರ್ಗ 7921! ಎರಡು ಸಲವೂ ಒಂದರಲ್ಲಿ ತಪ್ಪಿತು. ಹೀಗೇ ಹೋಗುತ್ತಿದ್ದರೆ 285601 ಬರುವವರೆಗೂ ಏನೂ ಸಿಗುವುದಿಲ್ಲ. ಅಲ್ಲಿ ಸಿಗುವುದೂ 1 × 571201 ಅನ್ನುವ ಹುರುಳಿಲ್ಲದ ಉತ್ತರ. ಅವಿಭಾಜ್ಯ ಸಂಖ್ಯೆಗೆ ಈ ದಾರಿ ಸಲ್ಲದು. 285601 ಎಂಬ ಸಂಖ್ಯೆಯನ್ನು ಮಾತ್ರ ಬದಿಗೆ ಬರೆದಿಟ್ಟುಕೊಳ್ಳಿ.

ಹೆಜ್ಜೆ 5: ಮೇಲಕ್ಕಲ್ಲ, ಕೆಳಕ್ಕೆ

ವರ್ಗಮೂಲದಿಂದ ಮೇಲೆ ಹೋದಾಗ ಮಡಿಕೇರಿ ಏನೂ ಬಿಟ್ಟುಕೊಡಲಿಲ್ಲ. ಕೆಳಗೆ ಇಳಿದು ನೋಡಿ. 755, 754, 753… ಪ್ರತಿಯೊಂದರ ವರ್ಗವನ್ನು 571201ರಿಂದ ಕಳೆಯಿರಿ. ಉಳಿದದ್ದು ವರ್ಗವೇ ಎಂದು ನೋಡಿ. 735ಕ್ಕೆ ಬಂದಾಗ:

735 × 735 = 540225
571201 − 540225 = 30976
30976 = 176 × 176

ಅಂದರೆ 571201 = 735² + 176². ಇದು ಅದೃಷ್ಟ ಅಲ್ಲ. 4ರಿಂದ ಭಾಗಿಸಿದಾಗ ಶೇಷ 1 ಬರುವ ಪ್ರತಿಯೊಂದು ಅವಿಭಾಜ್ಯ ಸಂಖ್ಯೆಯನ್ನೂ ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು, ಅದೂ ಒಂದೇ ಒಂದು ರೀತಿಯಲ್ಲಿ. ಫರ್ಮಾ ಇದನ್ನು 1640ರ ಡಿಸೆಂಬರ್ 25ರಂದು ಮರ್ಸೆನ್ ಎಂಬ ಪಾದ್ರಿಗೆ ಬರೆದ ಪತ್ರದಲ್ಲಿ ಹೇಳಿದ್ದರು. ಸಾಧಿಸಿ ತೋರಿಸಿದ್ದು ಗಣಿತಜ್ಞ ಆಯ್ಲರ್, ನೂರು ವರ್ಷ ಕಳೆದ ಮೇಲೆ. ಶೇಷ 3 ಬಂದರೆ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಭಾಗಮಂಡಲದ 571247 ಆ ಜಾತಿಯದು, ಅಲ್ಲಿ ಹುಡುಕಿ ಸಮಯ ಹಾಳುಮಾಡಬೇಡಿ.

ಇದರ ಜೊತೆಗೆ ಒಂದು ಲಂಬಕೋನ ತ್ರಿಭುಜವೂ ಉಚಿತವಾಗಿ ಸಿಗುತ್ತದೆ. 735² − 176² = 509249, ಮತ್ತು 2 × 735 × 176 = 258720. ಈ ಎರಡು ಬಾಹುಗಳಿದ್ದರೆ ವಿಕರ್ಣ ಸರಿಯಾಗಿ 571201.

ಹೆಜ್ಜೆ 6: ಭಾಗಿಸದೆ ಪರೀಕ್ಷಿಸುವುದು

ಇಲ್ಲಿಯವರೆಗಿನ ಕೆಲಸ ಆರು ಅಂಕಿಗೆ ಸರಿ. ಮುನ್ನೂರು ಅಂಕಿಯ ಸಂಖ್ಯೆ ಬಂದರೆ? ಭಾಗಿಸುತ್ತಾ ಕೂತರೆ ಸೂರ್ಯ ಆರಿಹೋದರೂ ಮುಗಿಯುವುದಿಲ್ಲ. ಅಲ್ಲಿ ಬಳಸುವುದು ಫರ್ಮಾ ಅವರದೇ ಇನ್ನೊಂದು ಮಾತು, ಅದೂ 1640ರದ್ದೇ: ಒಂದು ಸಂಖ್ಯೆ ಅವಿಭಾಜ್ಯವಾಗಿದ್ದರೆ, ಅದಕ್ಕಿಂತ ಒಂದು ಕಡಿಮೆ ಸಲ 2ನ್ನು ಗುಣಿಸಿ, ಬಂದದ್ದನ್ನು ಅದೇ ಸಂಖ್ಯೆಯಿಂದ ಭಾಗಿಸಿದರೆ ಶೇಷ 1 ಬರಲೇಬೇಕು. (ಆ ಸಂಖ್ಯೆ 2 ಆಗಿರಬಾರದು, ಅಷ್ಟೇ.) ನಮ್ಮ ಲೆಕ್ಕದಲ್ಲಿ 2ರ ಘಾತ 571200.

571200 ಸಲ ಗುಣಿಸುವುದಾ? ಬೇಡ. 571200 = 64 × 8925. 2ರ ಘಾತ 8925 ಹಾಕಿದಾಗಲೇ ಶೇಷ 1 ಬಂದುಬಿಟ್ಟರೆ ಉಳಿದದ್ದು ತಾನಾಗಿ 1. 8925 ಅನ್ನು ಅರ್ಧ ಮಾಡುತ್ತಾ, ಉಳಿಯುವ 1 ಬಿಡುತ್ತಾ ಇಳಿದರೆ 17ಕ್ಕೆ ಬರುತ್ತೇವೆ. ಅಲ್ಲಿಂದ ಮತ್ತೆ 8925ಕ್ಕೆ ಹೋಗಲು ಘಾತವನ್ನು ಪ್ರತಿ ಸಲ ದ್ವಿಗುಣ ಮಾಡುತ್ತಾ ಹೋಗಿ: ಇರುವ ಶೇಷವನ್ನು ವರ್ಗ ಮಾಡಿ, 571201ರಿಂದ ಭಾಗಿಸಿ, ಹೊಸ ಶೇಷ ಬರೆದುಕೊಳ್ಳಿ. ಘಾತ ಬೆಸ ಆಗಬೇಕಾದ ಕಡೆ ಮತ್ತೊಮ್ಮೆ 2ರಿಂದ ಗುಣಿಸಿ. ನಡುವೆ ಸಂಖ್ಯೆ ಎಂದೂ ಹನ್ನೆರಡು ಅಂಕಿ ದಾಟುವುದಿಲ್ಲ, ಫೋನಿನ ಕ್ಯಾಲ್ಕುಲೇಟರ್ ಸಾಕು. ನಿಮ್ಮ ಹಾಳೆಯಲ್ಲಿ ಹೀಗೆ ಬರಬೇಕು:

ಘಾತ 17: 131072
ಘಾತ 34: 427908
ಘಾತ 69: 414205
ಘಾತ 139: 270531
ಘಾತ 278: 180233
ಘಾತ 557: 38039
ಘಾತ 1115: 226776
ಘಾತ 2231: 257885
ಘಾತ 4462: 311996
ಘಾತ 8924: 285601

ಕೊನೆಯದನ್ನು 2ರಿಂದ ಗುಣಿಸಿ. 571202. ಅದರಿಂದ 571201 ಕಳೆದರೆ 1!

ಬದಿಗೆ ಬರೆದಿಟ್ಟಿದ್ದ 285601 ಮತ್ತೆ ಬಂತು, ಕಂಡಿರಾ? 2ರಿಂದ ಗುಣಿಸಿದಾಗ ಶೇಷ 1 ಕೊಡುವ ಸಂಖ್ಯೆ ಇಲ್ಲಿ ಅದೊಂದೇ, ಹಾಗಾಗಿ ಬೇರೆ ಯಾವುದೂ ಅಲ್ಲಿ ಬರುವಂತಿರಲಿಲ್ಲ. ಈ ಸರಣಿಯಲ್ಲಿ ಎಲ್ಲಿಯಾದರೂ ಒಂದಂಕಿ ತಪ್ಪಿದರೂ ಕೊನೆಗೆ 1 ಬರುವುದಿಲ್ಲ ಎಂದೇ ಇಟ್ಟುಕೊಳ್ಳಿ. 133 ಭಾಗಾಕಾರದ ಜಾಗದಲ್ಲಿ ಬೆರಳೆಣಿಕೆಯ ವರ್ಗಗಳು. ಸಂಖ್ಯೆ ದೊಡ್ಡದಾದಷ್ಟೂ ಈ ಉಳಿತಾಯ ದೊಡ್ಡದು.

ಕಂಪ್ಯೂಟರ್ ಇರುವವರು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪವ್ (pow) ಫಂಕ್ಷನ್‌ಗೆ 2, 571200, 571201 ಎಂದು ಮೂರು ಸಂಖ್ಯೆ ಕೊಟ್ಟರೆ ಕಣ್ಣು ಮಿಟುಕಿಸುವುದರಲ್ಲಿ 1 ಎಂದು ಹೇಳುತ್ತದೆ. ನನ್ನ ಸಲಹೆ ಕೇಳಿದರೆ, ಮೊದಲು ಒಮ್ಮೆ ಕೈಯಲ್ಲೇ ಮಾಡಿ.

ಎಚ್ಚರಿಕೆ: 1 ಬಂದರೂ ಪೂರ್ತಿ ನಂಬುವ ಹಾಗಿಲ್ಲ

ಶೇಷ 1 ಬರದಿದ್ದರೆ ಸಂಖ್ಯೆ ಅವಿಭಾಜ್ಯವಲ್ಲ, ಅದು ಖಂಡಿತ. 1 ಬಂದರೆ ಬಹುಮಟ್ಟಿಗೆ ಅವಿಭಾಜ್ಯ, ಆದರೆ ಖಂಡಿತ ಅಲ್ಲ. 341 ಎಂದರೆ 11 × 31. ಅದೂ 2ರ ಪರೀಕ್ಷೆಯಲ್ಲಿ 1 ತೋರಿಸುತ್ತದೆ. 3ನ್ನು ಹಾಕಿ ನೋಡಿದರೆ ಸಿಕ್ಕಿಬೀಳುತ್ತದೆ. ಇನ್ನು ಕೆಲವು ಮಹಾ ಕಿಲಾಡಿಗಳಿವೆ. ಅವು ತಮ್ಮ ಜೊತೆ ಸಾಮಾನ್ಯ ಅಪವರ್ತನ ಇಲ್ಲದ ಯಾವ ಸಂಖ್ಯೆ ಹಾಕಿದರೂ 1 ತೋರಿಸುತ್ತವೆ. ಕಾರ್ಮೈಕೆಲ್ ಸಂಖ್ಯೆಗಳು ಎನ್ನುತ್ತಾರೆ. ಮೊದಲನೆಯದು 561. ರಾಮಾನುಜನ್ ಅವರ ಟ್ಯಾಕ್ಸಿ ಸಂಖ್ಯೆ 1729 ಕೂಡ ಅದೇ ಗುಂಪಿನದು: 7 × 13 × 19. ಇಂಥವು ಅನಂತವಾಗಿವೆ ಎಂದು 1994ರಲ್ಲಿ ಪ್ರಕಟವಾದ ಸಾಧನೆ ತೋರಿಸಿತು.

ಕಿಲಾಡಿಗಳೂ ತಪ್ಪಿಸಿಕೊಳ್ಳಲಾಗದ, ಸಂಖ್ಯೆ ದೊಡ್ಡದಾದರೂ ಸಮಯ ಮಿತಿಮೀರದ ಪರೀಕ್ಷೆ ಇದೆಯೇ ಎಂಬ ಪ್ರಶ್ನೆಗೆ ಉತ್ತರ ಕೊಟ್ಟದ್ದು ನಮ್ಮವರೇ. 2002ರಲ್ಲಿ ಕಾನ್ಪುರದ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ. ಕಯಾಲ್ ಮತ್ತು ಸಕ್ಸೇನಾ ಆಗಷ್ಟೇ ಬಿ.ಟೆಕ್ ಮುಗಿಸಿದ್ದವರು. 2006ರಲ್ಲಿ ಇದಕ್ಕೆ ಗೋಡೆಲ್ ಪ್ರಶಸ್ತಿ ಬಂತು. ನಿತ್ಯದ ಬಳಕೆಯಲ್ಲಿ ಅದಕ್ಕಿಂತ ವೇಗದ ಪರೀಕ್ಷೆಗಳಿವೆ, ಆದರೆ ಅನುಮಾನಕ್ಕೆ ಜಾಗವೇ ಇಲ್ಲದ, ಯಾವ ಸಂಖ್ಯೆಗೂ ಸಮಯ ಮಿತಿಮೀರದ ದಾರಿಯೊಂದು ಇದೆ ಎಂದು ಮೊದಲು ತೋರಿಸಿದವರು ಇವರು.

ಒಂದು ಕಡಿಮೆ ಸಂಖ್ಯೆ ಏನೆಲ್ಲಾ ಹೇಳುತ್ತದೆ

ಅವಿಭಾಜ್ಯ ಸಂಖ್ಯೆಯನ್ನು ಒಡೆಯಲು ಬರುವುದಿಲ್ಲ. ಹಾಗಾಗಿ ಅದರ ಗುಣ ತಿಳಿಯಬೇಕಾದರೆ ಅದರ ಹಿಂದಿನ ಸಂಖ್ಯೆಯನ್ನು ಕೇಳಬೇಕು. 571200 ಇಷ್ಟು ಚೆನ್ನಾಗಿ ಒಡೆಯುವುದರಿಂದ ಮಡಿಕೇರಿಯ ಸಂಖ್ಯೆಗೆ ಒಂದು ವಿಶೇಷ ಬಂದಿದೆ. ಯಾವುದಾದರೂ ಪೂರ್ಣ ಸಂಖ್ಯೆಯ ವರ್ಗವನ್ನು 571201ರಿಂದ ಭಾಗಿಸಿ ಶೇಷ ನೋಡಿ. ಇಂಥ ಶೇಷಗಳ ಸಾಲಿನಲ್ಲಿ 1ರಿಂದ 12ರವರೆಗಿನ ಎಲ್ಲ ಸಂಖ್ಯೆಗಳೂ ಸಿಗುತ್ತವೆ. 13 ಮಾತ್ರ ಎಷ್ಟು ವರ್ಗ ಹಾಕಿದರೂ ಸಿಗುವುದಿಲ್ಲ. ನಂಬಿಕೆ ಬರದಿದ್ದರೆ 2ನ್ನು ನೋಡಿ: 52791ರ ವರ್ಗ 2786889681. ಅದನ್ನು 571201ರಿಂದ ಭಾಗಿಸಿದರೆ ಭಾಗಲಬ್ಧ 4879, ಶೇಷ ಸರಿಯಾಗಿ 2. ಈ 52791 ಎಲ್ಲಿಂದ ಬಂತು ಎಂದರೆ, ಮೇಲಿನ ಪಟ್ಟಿಯ 311996 ಅನ್ನು ಎರಡರಿಂದ ಗುಣಿಸಿ 571201 ಕಳೆದದ್ದು, ಅಷ್ಟೇ.

1 ÷ 571201 ದಶಮಾಂಶದಲ್ಲಿ ಬರೆದರೆ ಅಂಕಿಗಳು ಮತ್ತೆ ಮತ್ತೆ ಸುತ್ತು ಹಾಕುತ್ತವೆ, 1 ÷ 7ರಲ್ಲಿ 142857 ಸುತ್ತುವ ಹಾಗೆ. ಆ ಸುತ್ತಿನ ಉದ್ದ ಕೂಡ 571200 ಅನ್ನು ಭಾಗಿಸುವ ಸಂಖ್ಯೆಯೇ ಆಗಿರಬೇಕು. ಇಲ್ಲಿ 10 ಕೂಡ ವರ್ಗದ ಶೇಷ ಆಗಿರುವುದರಿಂದ ಅದು 285600 ಮೀರುವುದಿಲ್ಲ.

ಹೆಜ್ಜೆ 7: ನಾಲ್ಕು ಕೋಟಿ ಅಂಕಿಯ ಸಂಖ್ಯೆಗೆ

2024ರ ಅಕ್ಟೋಬರ್‌ನಲ್ಲಿ ಲ್ಯೂಕ್ ಡ್ಯುರಾಂಟ್ ಕಂಡುಹಿಡಿದ ದಾಖಲೆಯ ಅವಿಭಾಜ್ಯ ಸಂಖ್ಯೆ: 2ರ ಘಾತ 136279841, ಅದರಿಂದ 1 ಕಳೆದದ್ದು. ಅದರಲ್ಲಿ 4,10,24,320 ಅಂಕಿಗಳು. ಗಿಂಪ್ಸ್ ಎಂಬ ಸ್ವಯಂಸೇವಕರ ಜಾಲದಲ್ಲಿ ಮೊದಲು ಡಬ್ಲಿನ್‌ನ ಒಂದು ಗ್ರಾಫಿಕ್ಸ್ ಚಿಪ್ ಇದನ್ನು ಹಿಡಿಯಿತು. ಬಳಸಿದ್ದು ಹೆಜ್ಜೆ 6ರ ಜಾತಿಯದೇ ಪರೀಕ್ಷೆ. ಆಮೇಲೆ ಸಾಬೀತು ಮಾಡಿದ್ದು ಲೂಕಾಸ್–ಲೆಹ್ಮರ್ ಪರೀಕ್ಷೆಯಿಂದ.

ಆ ಪರೀಕ್ಷೆಯನ್ನು ಸಣ್ಣದರಲ್ಲಿ ನೀವೂ ಮಾಡಬಹುದು. 127 ಅಂದರೆ 2ರ ಘಾತ 7, ಅದರಲ್ಲಿ 1 ಕಡಿಮೆ. 4ರಿಂದ ಶುರುಮಾಡಿ. ವರ್ಗ ಮಾಡಿ, 2 ಕಳೆಯಿರಿ, 127ರಿಂದ ಭಾಗಿಸಿ ಶೇಷ ಬರೆಯಿರಿ. 4, 14, 67, 42, 111, 0. ಘಾತಕ್ಕಿಂತ ಎರಡು ಕಡಿಮೆ ಸಲ, ಅಂದರೆ ಐದು ಸಲ ಮಾಡಿದಾಗ ಸೊನ್ನೆ ಬಂದರೆ ಅವಿಭಾಜ್ಯ. ಇಲ್ಲಿ ಅನುಮಾನಕ್ಕೆ ಜಾಗ ಇಲ್ಲ. ದಾಖಲೆಯ ಸಂಖ್ಯೆಗೆ ಇದನ್ನೇ 13 ಕೋಟಿ 62 ಲಕ್ಷಕ್ಕೂ ಹೆಚ್ಚು ಸಲ ಮಾಡಬೇಕು.

ಆ ದೈತ್ಯನ ಕೊನೆಯ ಎರಡು ಅಂಕಿ ಹೇಳಲು ಕಂಪ್ಯೂಟರೇ ಬೇಡ. 2ರ ಘಾತಗಳ ಕೊನೆಯ ಎರಡು ಅಂಕಿಗಳು, 4ರಿಂದ ಆಚೆಗೆ, ಪ್ರತಿ 20 ಘಾತಕ್ಕೊಮ್ಮೆ ಮರುಕಳಿಸುತ್ತವೆ. 136279841 ಅನ್ನು 20ರಿಂದ ಭಾಗಿಸಿದರೆ ಶೇಷ 1. ಹಾಗಾಗಿ 2ರ ಘಾತ 21 ನೋಡಿದರೆ ಸಾಕು: 2097152. ಕೊನೆಗೆ 52, ಒಂದು ಕಳೆದರೆ 51.

ಅಂಕಿಗಳ ಲೆಕ್ಕಕ್ಕೆ ಘಾತವನ್ನು 2ರ ಲಾಗರಿದಮ್‌ನಿಂದ ಗುಣಿಸಿ, ದಶಮಾಂಶ ಬಿಟ್ಟು 1 ಸೇರಿಸಬೇಕು. ಶಾಲೆಯ ಪಟ್ಟಿಯಲ್ಲಿರುವ 0.30103 ಹಾಕಿದರೆ ಇಲ್ಲಿ ಒಂದು ಅಂಕಿ ಜಾಸ್ತಿ ಬರುತ್ತದೆ. 0.30102999566 ಹಾಕಿ, ಸರಿಹೋಗುತ್ತದೆ.

ಅಭ್ಯಾಸಕ್ಕೆ

ಅಮ್ಮತ್ತಿಯ 571211 ಅನ್ನು ನಿಮಗೇ ಬಿಡುತ್ತೇನೆ. ಕೊನೆಯ ಎರಡು ಅಂಕಿ 11, ಹಾಗಾಗಿ 2, 3, 5, 7, 17ರ ಕಾಟ ಇಲ್ಲ. 4ರಿಂದ ಭಾಗಿಸಿದರೆ ಶೇಷ 3, ಆದ್ದರಿಂದ ಹೆಜ್ಜೆ 5 ಬೇಡ. ಮಡಿಕೇರಿಯ ಶೇಷಗಳ ಹಾಳೆ ಎಸೆದಿಲ್ಲ ಅಂದುಕೊಳ್ಳುತ್ತೇನೆ. ಇದು ಮಡಿಕೇರಿಗಿಂತ 10 ಜಾಸ್ತಿ, ಅಷ್ಟೇ. ಹಳೆಯ ಪ್ರತಿ ಶೇಷಕ್ಕೂ 10 ಸೇರಿಸಿ, ಎಲ್ಲಿಯಾದರೂ ಪೂರ್ತಿ ಭಾಗವಾಗುತ್ತದೆಯೇ ಎಂದು ಮಾತ್ರ ನೋಡುತ್ತಾ ಬನ್ನಿ.